ಲೈಡನ್ನಿನಲ್ಲಿ ಕಾನೂನು ಓದುವುದೆಂದರೆ



ದತ್ತಿ ಉಪನ್ಯಾಸದ ವಿಷಯವನ್ನು ಸಂಘಟಕರು ನನಗೇ ಬಿಟ್ಟುಕೊಟ್ಟರು. ಕೊನೆಯ ವರ್ಷದ ತರಗತಿಗಳಲ್ಲಿ ನನಗೆ ಪದೇ ಪದೇ ಎದುರಾಗುವ ಒಂದು ಪ್ರಶ್ನೆಯನ್ನೇ ಇಂದಿನ ವಿಷಯ ಮಾಡಿಕೊಂಡಿದ್ದೇನೆ. "ಸರ್, ಎಲ್‌ಎಲ್‌ಎಂ ಓದೋಕೆ ಯುರೋಪಿಗೆ ಹೋಗಬಹುದಾ? ಹೋದರೆ ಏನು ಸಿಗುತ್ತೆ?" ಹೀಗೆ ಕೇಳುವವರಲ್ಲಿ ತಾಲ್ಲೂಕು ಕೋರ್ಟಿನ ವಕೀಲರ ಮಕ್ಕಳಿದ್ದಾರೆ, ಮನೆತನದಲ್ಲೇ ಮೊದಲ ಬಾರಿಗೆ ಪದವಿ ಕಾಣುತ್ತಿರುವವರಿದ್ದಾರೆ. ಶುಲ್ಕ ಎಷ್ಟು, ವೀಸಾ ಹೇಗೆ, ಅರ್ಜಿಗೆ ಕೊನೆಯ ದಿನ ಯಾವುದು ಎಂಬುದಕ್ಕೆಲ್ಲ ಉತ್ತರ ಬೇಗ ಸಿಗುತ್ತದೆ. ಅಲ್ಲಿಗೆ ಹೋಗಿ ಏನನ್ನು ಓದಬೇಕು, ಯಾತಕ್ಕೆ ಓದಬೇಕು ಎಂಬುದಕ್ಕೆ ಉತ್ತರ ಹೇಳುವವರು ಕಡಿಮೆ. ಆ ಉತ್ತರಕ್ಕೆ ಇಂದು ಕೈಹಾಕುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು. ಯುರೋಪಿನ ಒಳ್ಳೆಯ ಕಾನೂನು ವಿಭಾಗ ನಮ್ಮ ವಿದ್ಯಾರ್ಥಿಗೆ ಬಹಳ ಕೊಡಬಲ್ಲದು. ಆದರೆ ಎಷ್ಟು ಕೊಡುತ್ತದೆ ಎಂಬುದು ಅವರು ಇಲ್ಲಿಂದ ಯಾವ ಪ್ರಶ್ನೆಯನ್ನು ಹೊತ್ತು ಹೋಗುತ್ತಾರೆ ಎಂಬುದರ ಮೇಲೆ ನಿಂತಿದೆ. ಪದವಿಗಾಗಿ ಹೋದವರು ಪದವಿ ಹಿಡಿದು ಬರುತ್ತಾರೆ. ನಮ್ಮ ನದಿಯದೊ, ನಮ್ಮ ಕರಾವಳಿಯದೊ, ನಮ್ಮ ಕಾರ್ಖಾನೆಯದೊ ಒಂದು ಬಿಡಿಸಲಾಗದ ತೊಡಕನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು ಕಾನೂನನ್ನೇ ಬೇರೆ ಕಣ್ಣಿನಿಂದ ನೋಡಲು ಕಲಿತು ಬರುತ್ತಾರೆ. ಇದಕ್ಕೆ ನಾನು ಓದಿದ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಕಡಲಿನ ಕಾನೂನು, ನಮ್ಮ ಕಡಲು

ಲೈಡನ್ ದೊಡ್ಡ ಊರಲ್ಲ. ಕಾಲುವೆಗಳು, ಇಟ್ಟಿಗೆಯ ಮನೆಗಳು, ಸೈಕಲ್ಲುಗಳು. ಸ್ಪೇನಿನ ಸೈನ್ಯ ಈ ಊರಿಗೆ ಮುತ್ತಿಗೆ ಹಾಕಿತ್ತು. ಜನ ಹಸಿವಿನಿಂದ ಸಾಯುತ್ತಿದ್ದರೂ ಊರು ಶರಣಾಗಲಿಲ್ಲ. 1574ರ ಅಕ್ಟೋಬರ್ 3ರಂದು ಮುತ್ತಿಗೆ ಬಿಟ್ಟಿತು. ಮರುವರ್ಷವೇ, 1575ರಲ್ಲಿ, ಆರೆಂಜಿನ ರಾಜಕುಮಾರ ವಿಲಿಯಂ ಅಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ. ಸ್ವಾತಂತ್ರ್ಯಕ್ಕೆ ಕಾವಲಾಗಿರುವುದೇ ಅದರ ಧ್ಯೇಯವಾಕ್ಯ.

1594ರಲ್ಲಿ 11 ವರ್ಷದ ಒಬ್ಬ ಹುಡುಗ ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರಿದ. ಅವನೇ ಹ್ಯೂಗೊ ಗ್ರೋಶಿಯಸ್. ನಮ್ಮ ಪಠ್ಯಪುಸ್ತಕಗಳಲ್ಲಿ 'ಅಂತರರಾಷ್ಟ್ರೀಯ ಕಾನೂನಿನ ಪಿತಾಮಹ' ಎಂಬ ಒಂದು ಸಾಲಿನ ಬಿರುದಿನೊಂದಿಗೆ ಮುಗಿದುಹೋಗುವ ಹೆಸರು. ಆ ಒಂದು ಸಾಲಿನ ಹಿಂದೆ ಏನಿದೆ ಎಂದು ನೋಡೋಣ.

1603ರಲ್ಲಿ ಡಚ್ ನಾವಿಕರು ಸಿಂಗಾಪುರದ ಬಳಿ 'ಸಾಂತಾ ಕತರೀನಾ' ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರ ಸರಕು ಆಮ್‌ಸ್ಟರ್‌ಡ್ಯಾಮಿನಲ್ಲಿ 30 ಲಕ್ಷ ಗಿಲ್ಡರ್‌ಗೂ ಮಿಗಿಲಾದ ಬೆಲೆಗೆ ಹರಾಜಾಯಿತು. ಈ ಹಿಡಿತ ನ್ಯಾಯವೇ, ಕೊಳ್ಳೆಯೇ ಎಂಬ ಪ್ರಶ್ನೆ ಎದ್ದಾಗ ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನ ಪರವಾಗಿ ಬರೆಯಲು ಗ್ರೋಶಿಯಸ್ಸನನ್ನು ಕೇಳಿಕೊಂಡಿತು. ಅವನು ಬರೆದ ದೊಡ್ಡ ಗ್ರಂಥದ ಒಂದು ಅಧ್ಯಾಯ 1609ರಲ್ಲಿ ಲೈಡನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಅದೇ 'ಮಾರೆ ಲಿಬೆರಂ', ಅಂದರೆ ಮುಕ್ತ ಸಮುದ್ರ. ಕಡಲು ಯಾರ ಸ್ವತ್ತೂ ಅಲ್ಲ, ಅಲ್ಲಿ ಹಡಗು ನಡೆಸುವ, ವ್ಯಾಪಾರ ಮಾಡುವ ಹಕ್ಕು ಎಲ್ಲರದು ಎಂಬುದು ಅದರ ವಾದ. ಪೂರ್ವದೇಶಗಳಿಗೆ ತಮ್ಮದೇ ರಾಜರು, ತಮ್ಮದೇ ಕಾನೂನುಗಳು ಇವೆ. 'ಕಂಡುಹಿಡಿದೆವು' ಎಂದ ಮಾತ್ರಕ್ಕೆ ಪೋರ್ಚುಗೀಸರಿಗೆ ಅಲ್ಲಿ ಒಡೆತನ ಬರುವುದಿಲ್ಲ ಎಂದೂ ಅದು ಹೇಳುತ್ತದೆ.

ಈಗ ನಮ್ಮ ಕರಾವಳಿಯ ಕಡೆ ತಿರುಗಿ. 1560ರ ದಶಕದ ಕೊನೆಗೆ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡಿದ್ದರು. ಅವರ 'ಕಾರ್ತಾಜ್' ಎಂಬ ರಹದಾರಿ ಚೀಟಿ ಇಲ್ಲದೆ ಹೊರಟ ಹಡಗು ಸಿಕ್ಕಿಬಿದ್ದರೆ ಸರಕೂ ಹೋಯಿತು, ಹಡಗೂ ಹೋಯಿತು. ಕನ್ನಡ ಕರಾವಳಿಯ ಅಕ್ಕಿ, ಘಟ್ಟದ ಮೆಣಸು ಈ ಚೀಟಿಯ ಅಡಿಯಲ್ಲೇ ಸಾಗಬೇಕಿತ್ತು. ಉಳ್ಳಾಲದ ಅಬ್ಬಕ್ಕ ರಾಣಿ ಎದುರಿಸಿದ್ದು ಇದೇ ಪೋರ್ಚುಗೀಸರನ್ನು. 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಬ್ಬ ಸಂಧಾನಕ್ಕೆಂದು ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಅವನ ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ಭೇಟಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಗ್ರೋಶಿಯಸ್ಸನ ಮಹಾಗ್ರಂಥ 'ಯುದ್ಧ ಮತ್ತು ಶಾಂತಿಯ ಕಾನೂನು' ಹೊರಬಂದದ್ದು 1625ರಲ್ಲಿ. ಅದಕ್ಕೂ ಮೊದಲೇ ಇಕ್ಕೇರಿಯಲ್ಲಿ ರಾಯಭಾರ, ಮರ್ಯಾದೆ, ಕೊಡು-ಕೊಳ್ಳುವಿಕೆಯ ರೀತಿ ನೀತಿಗಳೆಲ್ಲ ನಡೆಯುತ್ತಿದ್ದವು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಮೂರೂ ಕೋಟೆಗಳನ್ನು ಕಿತ್ತುಕೊಂಡ.

1950ರ ದಶಕದಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪೋಲೆಂಡ್ ಮೂಲದ ವಿದ್ವಾಂಸ ಸಿ. ಎಚ್. ಅಲೆಕ್ಸಾಂಡ್ರೊವಿಚ್ ಈ ಎಳೆಯನ್ನು ಹಿಡಿದರು. ಹಿಂದೂ ಮಹಾಸಾಗರದ ರಾಜ್ಯಗಳು ನಡೆಸಿಕೊಂಡು ಬಂದಿದ್ದ ಮುಕ್ತ ವ್ಯಾಪಾರದ ಪದ್ಧತಿಯೇ ಗ್ರೋಶಿಯಸ್ಸನ ವಾದಕ್ಕೆ ಬಲ ಕೊಟ್ಟಿತು ಎಂದು ಅವರು ತಮ್ಮ 1967ರ ಗ್ರಂಥದಲ್ಲಿ ವಾದಿಸಿದರು. ಈ ವಾದವನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಆದರೆ ಅದು ತೆರೆದ ಬಾಗಿಲು ಇನ್ನೂ ಮುಚ್ಚಿಲ್ಲ.

ಕಂಪನಿಗಾಗಿ ಗ್ರೋಶಿಯಸ್ ಬರೆದಿದ್ದ ಆ ದೊಡ್ಡ ಗ್ರಂಥದ ಕೈಬರಹದ ಪ್ರತಿ ಎರಡೂವರೆ ಶತಮಾನ ಕಾಲ ಯಾರ ಕಣ್ಣಿಗೂ ಬೀಳದೆ ಇತ್ತು. 1864ರಲ್ಲಿ ಹರಾಜಿಗೆ ಬಂದಾಗ ಲೈಡನ್ ವಿಶ್ವವಿದ್ಯಾಲಯ ಅದನ್ನು ಕೊಂಡುಕೊಂಡಿತು. 'ಮಾರೆ ಲಿಬೆರಂ' ಅದರ 12ನೆಯ ಅಧ್ಯಾಯವಾಗಿತ್ತು ಎಂದು ಜಗತ್ತಿಗೆ ತಿಳಿದದ್ದು ಆಗ. ಒಂದು ಕಂಪನಿಯ ಪರವಾಗಿ ಬರೆದ ವಕೀಲಿ ವಾದಪತ್ರ ಮಾನವಕುಲಕ್ಕೆಲ್ಲ ಸಲ್ಲುವ ಸಿದ್ಧಾಂತವಾಗಿ ಬೆಳೆಯಿತು. ಮುಂದಿನ ಘಟನೆಯನ್ನೂ ಮರೆಯುವಂತಿಲ್ಲ. 1613ರಲ್ಲಿ ಇಂಗ್ಲೆಂಡಿನೊಂದಿಗೆ ಮಾತುಕತೆಗೆಂದು ಗ್ರೋಶಿಯಸ್ ಲಂಡನ್ನಿಗೆ ಹೋದಾಗ, ಇಂಗ್ಲಿಷರು ಅವನ ಪುಸ್ತಕದ ಮಾತುಗಳನ್ನೇ ಅವನೆದುರು ಹಿಡಿದರು. ಅಷ್ಟರಲ್ಲಿ ಡಚ್ಚರಿಗೆ ಮಸಾಲೆ ದ್ವೀಪಗಳಲ್ಲಿ ಏಕಸ್ವಾಮ್ಯ ಬೇಕಾಗಿತ್ತು, ಗ್ರೋಶಿಯಸ್ ಈಗ ಅದನ್ನು ಸಮರ್ಥಿಸಬೇಕಾಯಿತು.

ಲೈಡನ್ನಿನಲ್ಲಿ ಕಾನೂನು ಓದುವುದೆಂದರೆ ಈ ಇಡೀ ಕಥೆಯನ್ನು ಓದುವುದು. ನಿಯಮವನ್ನು ಮಾತ್ರ ಓದಿ ಬಿಡದೆ, ಅದನ್ನು ಯಾರು ಬರೆದರು, ಯಾರ ಹಣದಿಂದ ಬರೆದರು, ಅದು ಯಾರಿಗೆ ನೆರವಾಯಿತು, ಯಾರ ಮೇಲೆ ಬಿತ್ತು ಎಂದು ಕೇಳಲು ಕಲಿಯುವುದು. ಬಸರೂರಿನ ಕಡಲನ್ನು ಕಂಡು ಬೆಳೆದವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಇನ್ನೂ ಒಂದು ಪಾಲು ಹೆಚ್ಚು.

ಅದೇ ಪೀಠ, ಎರಡು ಪರಂಪರೆ

ಲೈಡನ್ನಿನ ಇತಿಹಾಸದಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ. ಇಂಡೊನೇಷ್ಯಾವನ್ನು ಆಳಲು ಹೊರಟ ಡಚ್ ಅಧಿಕಾರಿಗಳು ತರಬೇತಿ ಪಡೆದದ್ದು ಅಲ್ಲೇ. 1901ರಲ್ಲಿ ಅಲ್ಲಿ ಪ್ರಾಧ್ಯಾಪಕರಾದ ಕಾರ್ನೆಲಿಸ್ ವಾನ್ ವೊಲೆನ್‌ಹೊವೆನ್ ಇಂಡೊನೇಷ್ಯಾದ ಜನಪದ ಕಾನೂನನ್ನು, ಅಂದರೆ 'ಆದತ್' ಎಂಬ ರೂಢಿಗತ ಕಾನೂನನ್ನು, ಗೌರವದಿಂದ ಅಧ್ಯಯನ ಮಾಡಿ ಹಳ್ಳಿಗಳ ಭೂಮಿಯ ಹಕ್ಕಿನ ಪರವಾಗಿ ನಿಂತರು. ಅದೇ ಲೈಡನ್ನಿನಲ್ಲಿ ಜಾವಾದ ಸುಪೊಮೊ ಎಂಬ ವಿದ್ಯಾರ್ಥಿ 1927ರಲ್ಲಿ ಡಾಕ್ಟರೇಟ್ ಪಡೆದರು. ಅವರು ಆರಿಸಿಕೊಂಡ ವಿಷಯ ಸುರಕಾರ್ತಾ ಪ್ರಾಂತ್ಯದ ಭೂ ವ್ಯವಸ್ಥೆ, ಅಂದರೆ ತಮ್ಮದೇ ಊರುಕೇರಿಯ ಹೊಲಗದ್ದೆಗಳ ಪ್ರಶ್ನೆ. 1945ರಲ್ಲಿ ಸ್ವತಂತ್ರ ಇಂಡೊನೇಷ್ಯಾದ ಸಂವಿಧಾನದ ಕರಡು ಸಿದ್ಧಪಡಿಸಿದವರಲ್ಲಿ ಅವರೇ ಮುಖ್ಯರು. ಆಳುವವರ ವಿಶ್ವವಿದ್ಯಾಲಯಕ್ಕೆ ತಮ್ಮ ನೆಲದ ಪ್ರಶ್ನೆಯನ್ನು ಹೊತ್ತು ಹೋದ ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಘಟನೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1940ರಲ್ಲಿ ಜರ್ಮನ್ ನಾಜಿಗಳು ನೆದರ್‌ಲ್ಯಾಂಡ್ಸನ್ನು ಆಕ್ರಮಿಸಿದರು. ನವೆಂಬರಿನಲ್ಲಿ ಯಹೂದಿ ಅಧ್ಯಾಪಕರನ್ನೆಲ್ಲ ಕೆಲಸದಿಂದ ತೆಗೆಯುವ ಆದೇಶ ಬಂತು. ಹಾಗೆ ತೆಗೆಯಲ್ಪಟ್ಟವರಲ್ಲಿ ಎಡ್ವರ್ಡ್ ಮೈಯರ್ಸ್ ಒಬ್ಬರು. ಸಿವಿಲ್ ಕಾನೂನಿನಲ್ಲಿ ಯುರೋಪಿಗೇ ಹೆಸರಾದ ವಿದ್ವಾಂಸರು. ನವೆಂಬರ್ 26, ಮಂಗಳವಾರ, ಬೆಳಗ್ಗೆ ಮೈಯರ್ಸರ ತರಗತಿಯ ಹೊತ್ತು. ಆ ವೇಳೆಗೆ ವಿಶ್ವವಿದ್ಯಾಲಯದ ಸಭಾಂಗಣದ ವೇದಿಕೆ ಹತ್ತಿದವರು ಕಾನೂನು ವಿಭಾಗದ ಡೀನ್, ಮೈಯರ್ಸರದೇ ಶಿಷ್ಯ, ರುಡಾಲ್ಫ್ ಕ್ಲೆವೆರಿಂಗಾ. ಸಭಾಂಗಣ ಕಿಕ್ಕಿರಿದಿತ್ತು. ಅವರು ವಜಾ ಆದೇಶವನ್ನು ಓದಿ ಹೇಳಿದರು. ಆಮೇಲೆ ತಮ್ಮ ಗುರುವಿನ ವಿದ್ವತ್ತಿನ ಬಗ್ಗೆ, ಅವರು ಬರೆದ ಗ್ರಂಥಗಳ ಬಗ್ಗೆ, ಅವರು ತಿದ್ದಿ ಬೆಳೆಸಿದ ವಿದ್ಯಾರ್ಥಿಗಳ ಬಗ್ಗೆ ಒಂದೊಂದಾಗಿ ಮಾತನಾಡಿದರು. ಆ ಆದೇಶ ಕಾನೂನಿಗೂ ನ್ಯಾಯಕ್ಕೂ ವಿರುದ್ಧವೆಂದು ತೋರಿಸಿದರು. ಅವರು ಮುಗಿಸಿದಾಗ ಸಭೆ ರಾಷ್ಟ್ರಗೀತೆ ಹಾಡಿತು. ವಿದ್ಯಾರ್ಥಿಗಳು ಭಾಷಣವನ್ನು ಟೈಪ್ ಮಾಡಿ ಊರೂರಿಗೆ ಹಂಚಿದರು. ಮರುದಿನ ಕ್ಲೆವೆರಿಂಗಾ ಅವರ ಬಂಧನವಾಯಿತು, ಆಕ್ರಮಣಕಾರರ ಆಡಳಿತ ವಿಶ್ವವಿದ್ಯಾಲಯವನ್ನೇ ಮುಚ್ಚಿಸಿತು. ಅವರು ತಿಂಗಳುಗಟ್ಟಲೆ ಸ್ಖೆವೆನಿಂಗೆನ್ ಸೆರೆಮನೆಯಲ್ಲಿದ್ದರು.

ಮೈಯರ್ಸರನ್ನು ತೆರೆಸಿಯೆನ್‌ಸ್ಟಾಟ್ ಯಾತನಾ ಶಿಬಿರಕ್ಕೆ ಸಾಗಿಸಲಾಯಿತು. ಅವರು ಬದುಕಿ ಬಂದರು. 1947ರಲ್ಲಿ ದೇಶದ ಇಡೀ ಸಿವಿಲ್ ಸಂಹಿತೆಯನ್ನು ಹೊಸದಾಗಿ ಬರೆಯುವ ಹೊಣೆಯನ್ನು ಸರ್ಕಾರ ಅವರಿಗೇ ಒಪ್ಪಿಸಿತು. ಅವರು ಹಾಕಿಕೊಟ್ಟ ಅಡಿಪಾಯದ ಮೇಲೆ ಎದ್ದ ಆ ಸಂಹಿತೆಯ ಮುಖ್ಯ ಭಾಗಗಳು 1992ರಲ್ಲಿ ಜಾರಿಗೆ ಬಂದವು. ನೌಕರಿಯಿಂದ ಹೊರಹಾಕಲ್ಪಟ್ಟ ಗುರುವಿನ ಕೈಯಿಂದಲೇ ಒಂದು ದೇಶ ತನ್ನ ಕಾನೂನನ್ನು ಬರೆಸಿಕೊಂಡಿತು. ಪ್ರತಿ ವರ್ಷ ನವೆಂಬರ್ 26ರ ಆಸುಪಾಸಿನಲ್ಲಿ ಲೈಡನ್ನಿನಲ್ಲಿ ಕ್ಲೆವೆರಿಂಗಾ ಉಪನ್ಯಾಸ ನಡೆಯುತ್ತದೆ. ಆ ದಿನಾಂಕ ನಮಗೂ ದೊಡ್ಡದು. 1949ರ ನವೆಂಬರ್ 26ರಂದೇ ನಮ್ಮ ಸಂವಿಧಾನ ಸಭೆ ಸಂವಿಧಾನವನ್ನು ಅಂಗೀಕರಿಸಿತು. ಕಾನೂನು ಓದುವವರಿಗೆ ಎರಡೂ ನೆನಪಿರಲಿ.

ತರಗತಿಯೊಳಗೆ

ಇನ್ನು ಓದಿನ ಕ್ರಮ. ಯುರೋಪಿನಲ್ಲಿ 1999ರ ಬೊಲೋನ್ಯ ಘೋಷಣೆಯ ನಂತರ ಪದವಿಗಳೆಲ್ಲ ಒಂದೇ ಬಗೆಯ ಕ್ರೆಡಿಟ್ ಲೆಕ್ಕಕ್ಕೆ ಬಂದಿವೆ. ಒಂದು ವರ್ಷದ ಎಲ್‌ಎಲ್‌ಎಂಗೆ 60 ಕ್ರೆಡಿಟ್. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಕ್ರೆಡಿಟ್ ಎಂದರೆ 28 ಗಂಟೆಯ ಕೆಲಸ. ಒಟ್ಟು 1,680 ಗಂಟೆ. ಇದರಲ್ಲಿ ತರಗತಿಯಲ್ಲಿ ಕೂರುವುದು ಸಣ್ಣ ಪಾಲು. ಉಳಿದದ್ದೆಲ್ಲ ನೀವು, ನಿಮ್ಮ ಮೇಜು, ನಿಮ್ಮ ಓದು. ಅಂಕ 10ಕ್ಕೆ, ಪಾಸಾಗಲು 6 ಬೇಕು, 8 ಬಂದರೆ ಬಹಳ ಚೆನ್ನಾಗಿದೆ ಎಂದರ್ಥ. ನಮ್ಮ ರ‍್ಯಾಂಕ್ ವಿದ್ಯಾರ್ಥಿಗಳು ಮೊದಲ ಫಲಿತಾಂಶದಲ್ಲಿ 7 ಕಂಡು ಕುಗ್ಗಬಾರದು.

ಕಾನೂನು ವಿಭಾಗವಿರುವುದು ಕಾಮರ್ಲಿಂಗ್ ಓನ್ನೆಸ್ ಕಟ್ಟಡದಲ್ಲಿ. 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದ ಭೌತವಿಜ್ಞಾನದ ಪ್ರಯೋಗಾಲಯ ಅದು. ಅಲ್ಲಿ ನಡೆದ ಒಂದು ಸೆಮಿನಾರಿನ ರೀತಿಯನ್ನು ಹೇಳುತ್ತೇನೆ. ಅಂದಿನ ವಿಷಯ ಎರಡು ದೇಶಗಳ ನಡುವೆ ಹರಿಯುವ ನದಿ. ವಿಶ್ವಸಂಸ್ಥೆಯ 1997ರ ಜಲಮಾರ್ಗ ಒಡಂಬಡಿಕೆಯ 5ನೆಯ ಮತ್ತು 7ನೆಯ ವಿಧಿಗಳನ್ನು ಮೊದಲೇ ಓದಿಕೊಂಡು ಬರಬೇಕಿತ್ತು. 5ನೆಯ ವಿಧಿ ನದಿಯನ್ನು ನ್ಯಾಯಯುತವಾಗಿ ಹಂಚಿಕೊಂಡು ಬಳಸಬೇಕು ಎನ್ನುತ್ತದೆ. 7ನೆಯದು ಇನ್ನೊಂದು ದೇಶಕ್ಕೆ ದೊಡ್ಡ ಹಾನಿ ಮಾಡಬಾರದು ಎನ್ನುತ್ತದೆ. ಮೇಲಿನ ಹರಿವಿನ ದೇಶ 5ನ್ನು ಹಿಡಿದುಕೊಳ್ಳುತ್ತದೆ, ಕೆಳಗಿನ ಹರಿವಿನ ದೇಶ 7ನ್ನು. ನಾನು ಕಾವೇರಿ ಜಗಳವನ್ನು ಕಂಡು ಬೆಳೆದವನು, ಮಾತು ತಾನಾಗಿಯೇ ಬಂತು. ಸುಪ್ರೀಂ ಕೋರ್ಟು ಏನು ಹೇಳಿದೆ, ನ್ಯಾಯಮಂಡಳಿ ಏನು ಹೇಳಿದೆ ಎಂದು ಒಂದೊಂದಾಗಿ ಮುಂದಿಟ್ಟೆ. ಪಾಠ ಮಾಡುತ್ತಿದ್ದವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನ್ಯಾಯಾಲಯ ಏನು ಹೇಳಿತು ಎಂಬುದು ಗೊತ್ತಾಯಿತು. ಅದು ಹೇಳಿದ್ದು ಸರಿಯೆ? ಇನ್ನೊಂದು ದಡದಲ್ಲಿ ನಿಂತು ವಾದಿಸಿ ನೋಡೋಣ."

ಉಳಿದ ವೇಳೆಯೆಲ್ಲ ನಾನು ಕೆಳದಡದ ರೈತನ ಪರವಾಗಿ ವಾದಿಸಬೇಕಾಯಿತು. ನೈಲ್ ನದಿಯ ದೇಶದಿಂದ ಬಂದ ಸಹಪಾಠಿ ಎದುರು ದಡದಲ್ಲಿದ್ದರು. ತಮಿಳುನಾಡಿನ ಕುರುವೈ ಭತ್ತದ ಬೆಳೆಗೆ ಜೂನ್ ತಿಂಗಳ ನೀರು ಎಷ್ಟು ಮುಖ್ಯ ಎಂಬುದನ್ನು ನಾನು ಮನಸ್ಸಿಟ್ಟು ಯೋಚಿಸಿದ್ದು ಆ ದಿನ. ನನ್ನ ರಾಜ್ಯದ ವಾದದಲ್ಲಿ ಗಟ್ಟಿಯಾದದ್ದು ಯಾವುದು, ಅಭ್ಯಾಸಬಲದಿಂದ ಹೇಳುತ್ತಾ ಬಂದದ್ದು ಯಾವುದು ಎಂಬುದು ಸ್ಪಷ್ಟವಾದದ್ದೂ ಅಂದೇ. ನಮ್ಮಲ್ಲಿ ಸೆಕ್ಷನ್ನು, ತೀರ್ಪು, ನಿರ್ಣಯದ ಸಾರ ಇಷ್ಟನ್ನು ಬಾಯಿಗೆ ಬರಿಸಿಕೊಂಡವರು ಜಾಣರು. ಆ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ, ಅದೇ ನನ್ನನ್ನು ಅಲ್ಲಿ ಉಳಿಸಿತು. ಆದರೆ ಅಲ್ಲಿಂದ ಮುಂದಿನ ಹೆಜ್ಜೆ ತೀರ್ಪಿನ ಎದುರು ನಿಂತು ಪ್ರಶ್ನಿಸುವುದು. ಅದನ್ನು ಕಲಿಸಲು ಅವರು ಸಮಯ ಕೊಡುತ್ತಾರೆ.

ಲೈಡನ್ನಿನಿಂದ ರೈಲಿನಲ್ಲಿ ಕಾಲು ಗಂಟೆ ಹೋದರೆ ಹೇಗ್ ನಗರ. ಅಲ್ಲಿನ ಶಾಂತಿ ಅರಮನೆ 1913ರಲ್ಲಿ ಬಾಗಿಲು ತೆರೆಯಿತು. ಅಂತರರಾಷ್ಟ್ರೀಯ ನ್ಯಾಯಾಲಯ, ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯ ಎರಡೂ ಅಲ್ಲೇ ಇವೆ. ಜೊತೆಗೆ ಅಂತರರಾಷ್ಟ್ರೀಯ ಕಾನೂನಿಗೇ ಮೀಸಲಾದ ದೊಡ್ಡ ಗ್ರಂಥಾಲಯವೂ ಇದೆ. ಒಡಂಬಡಿಕೆಗಳ ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ರೂಢಿ ಬೆಳೆಸಿಕೊಳ್ಳಿ. ಯಾವ ದೇಶ ಯಾವ ಪದ ಸೇರಿಸಲು ಪಟ್ಟು ಹಿಡಿಯಿತು, ಯಾವುದನ್ನು ತೆಗೆಸಿತು, ಮತದಾನದ ದಿನ ಯಾರು ಸುಮ್ಮನಿದ್ದರು ಎಂಬುದೆಲ್ಲ ಅಲ್ಲಿ ಕಾಣಿಸುತ್ತದೆ. ಮೇಲೆ ಹೇಳಿದ 1997ರ ಜಲ ಒಡಂಬಡಿಕೆಗೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕದೆ ತಟಸ್ಥವಾಗುಳಿದ ದೇಶಗಳಲ್ಲಿ ಭಾರತವೂ ಒಂದು. ಯಾಕೆ ಹಾಗೆ ಎಂದು ಹುಡುಕಿದರೆ ಅದೇ ಒಂದು ಪ್ರಬಂಧವಾಗುತ್ತದೆ.

ಆ ಅರಮನೆಯಲ್ಲಿ ನ್ಯಾಯಾಧೀಶರಾಗಿ ಕುಳಿತವರಲ್ಲಿ ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರೂ ಒಬ್ಬರು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರು 1952ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಅದಕ್ಕೂ ಮೊದಲು ಸಿಂಧ್ ಮತ್ತು ಪಂಜಾಬ್ ನಡುವಿನ ಸಿಂಧೂ ನದಿ ವಿವಾದವನ್ನು ವಿಚಾರಿಸಿದ ಆಯೋಗದ ಅಧ್ಯಕ್ಷರಾಗಿ 1942ರಲ್ಲಿ ಕೊಟ್ಟ ವರದಿಯಲ್ಲಿ ಅವರು ನ್ಯಾಯಯುತ ಹಂಚಿಕೆಯ ತತ್ವವನ್ನು ಎತ್ತಿಹಿಡಿದಿದ್ದರು. ಕರಾವಳಿಯ ಮಗುವೊಂದು ನದಿಯ ಪ್ರಶ್ನೆಯಿಂದ ಹೇಗ್‌ನ ಪೀಠದವರೆಗೆ ನಡೆದ ದಾರಿ ಇದು. ಹೊಸ ದಾರಿ ಹುಡುಕಬೇಕಾದ ಕಷ್ಟ ನಮಗಿಲ್ಲ.

ಹೊತ್ತು ಹೋಗಬೇಕಾದ ಪ್ರಶ್ನೆಗಳು

ಹಾಗಾದರೆ ಎಂಥ ಪ್ರಶ್ನೆ? ಮೂರು ಮಾದರಿಗಳನ್ನು ಕೊಡುತ್ತೇನೆ.

ಮೊದಲನೆಯದು ಕಾವೇರಿ. 1892 ಮತ್ತು 1924ರ ಒಪ್ಪಂದಗಳು ಮೈಸೂರು ಸಂಸ್ಥಾನಕ್ಕೂ ಮದರಾಸಿಗೂ ನಡುವೆ ಆದವು. ಒಂದು ಕಡೆ ಬ್ರಿಟಿಷ್ ಸಾಮ್ರಾಜ್ಯ, ಇನ್ನೊಂದು ಕಡೆ ಅದರ ಅಧೀನದಲ್ಲಿದ್ದ ಸಂಸ್ಥಾನ. ಸಮಬಲರಲ್ಲದವರ ನಡುವಿನ ಈ ಒಪ್ಪಂದ ನಮ್ಮನ್ನು ಕಟ್ಟಿಹಾಕಬಾರದು ಎಂದು ಕರ್ನಾಟಕ ವಾದಿಸಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಆದರೆ 1924ರ ಒಪ್ಪಂದದ ಅವಧಿ 50 ವರ್ಷಕ್ಕೆ, ಅಂದರೆ 1974ಕ್ಕೆ ಮುಗಿಯಿತು ಎಂದಿತು. 1966ರ ಹೆಲ್ಸಿಂಕಿ ನಿಯಮಗಳ ನ್ಯಾಯಯುತ ಹಂಚಿಕೆಯ ತತ್ವವನ್ನೂ ಪರಿಗಣಿಸಿ, ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟಿತು. ಅಸಮಾನರ ನಡುವಿನ ಒಪ್ಪಂದದ ಪ್ರಶ್ನೆಯನ್ನು ಗ್ರೋಶಿಯಸ್ ತನ್ನ ಮಹಾಗ್ರಂಥದಲ್ಲೇ ಚರ್ಚಿಸಿದ್ದಾನೆ. ಡ್ಯಾನ್ಯೂಬ್ ನದಿಯ ಅಣೆಕಟ್ಟಿನ ಬಗ್ಗೆ ಹಂಗೆರಿ ಮತ್ತು ಸ್ಲೊವಾಕಿಯಾ ನಡುವಿನ ಮೊಕದ್ದಮೆಯಲ್ಲಿ ಹೇಗ್ ನ್ಯಾಯಾಲಯ 1997ರಲ್ಲಿ ತೀರ್ಪು ಕೊಟ್ಟಿದೆ. ಮಂಡ್ಯದ ವಿದ್ಯಾರ್ಥಿನಿಯೊಬ್ಬಳು ಈ ಎರಡನ್ನೂ ಕಾವೇರಿಯ ಪಕ್ಕದಲ್ಲಿಟ್ಟು ಓದಿದರೆ, ನಾಳೆ ಮಹದಾಯಿಗೋ ಕೃಷ್ಣೆಗೋ ವಾದಿಸುವಾಗ ಅವಳ ಮಾತಿನ ತೂಕವೇ ಬೇರೆ.

ಎರಡನೆಯದು ಬೆಂಗಳೂರಿನದು. ಇಸ್ರೊದ ವಾಣಿಜ್ಯ ಅಂಗವಾಗಿದ್ದ ಆಂಟ್ರಿಕ್ಸ್ ಮತ್ತು ಬೆಂಗಳೂರಿನದೇ ದೇವಾಸ್ ಮಲ್ಟಿಮೀಡಿಯಾ ನಡುವೆ 2005ರಲ್ಲಿ ಉಪಗ್ರಹ ತರಂಗಾಂತರದ ಒಪ್ಪಂದವಾಯಿತು. 2011ರಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು. ವ್ಯಾಜ್ಯ ಬೆಂಗಳೂರಿನಲ್ಲಿ ನಿಲ್ಲಲಿಲ್ಲ. ಮಾರಿಷಸ್ಸಿನ ಹೂಡಿಕೆದಾರರು ಹೇಗ್‌ನಲ್ಲಿ, ಜರ್ಮನ್ ಕಂಪನಿಯೊಂದು ಜಿನೀವಾದಲ್ಲಿ ಭಾರತದ ವಿರುದ್ಧ ಮಧ್ಯಸ್ಥಿಕೆಗೆ ಹೋದರು. ಇನ್ನೊಂದು ಮಧ್ಯಸ್ಥಿಕೆಯಲ್ಲಿ 2015ರಲ್ಲಿ ಆಂಟ್ರಿಕ್ಸ್ 56.25 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟು ವಂಚನೆಯ ಕಾರಣಕ್ಕೆ ದೇವಾಸ್ ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ನಮ್ಮೂರಿನಲ್ಲಿ ಸಹಿಯಾದ ಕಾಗದ ಹೇಗೆ ಹೇಗ್ ತಲುಪಿತು ಎಂದು ತಿಳಿಯದವರು ನಮ್ಮ ಸಾರ್ವಜನಿಕ ಹಣವನ್ನು ಹೇಗೆ ಕಾಯುತ್ತಾರೆ? ಲೈಡನ್ನಿನಲ್ಲಿ ವಾಯು ಮತ್ತು ಬಾಹ್ಯಾಕಾಶ ಕಾನೂನಿಗೇ ಪ್ರತ್ಯೇಕ ಎಲ್‌ಎಲ್‌ಎಂ ಇದೆ. ಇಸ್ರೊ ಇರುವ ಊರಿನ ಮಕ್ಕಳು ಅದನ್ನು ಓದಬೇಕು.

ಮೂರನೆಯದು ಖಾಸಗಿತನ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂಬ 9 ನ್ಯಾಯಮೂರ್ತಿಗಳ ತೀರ್ಪು ಬಂತು. ಯುರೋಪಿನಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಮ್ಯಾಕ್ಸ್ ಶ್ರೆಮ್ಸ್ ಎಂಬ ವಿಯೆನ್ನಾದ ಕಾನೂನು ವಿದ್ಯಾರ್ಥಿ ಹೋರಾಟಕ್ಕಿಳಿದಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಒಂದು ಸೆಮಿಸ್ಟರ್ ಓದುವಾಗ ಫೇಸ್‌ಬುಕ್ ಬಗ್ಗೆ ಬರೆದ ತರಗತಿಯ ಪ್ರಬಂಧದಿಂದ ಶುರುವಾದ ಅವರ ಆಸಕ್ತಿ ಕೊನೆಗೆ ಯುರೋಪ್ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಯುರೋಪಿಯನ್ನರ ದತ್ತಾಂಶವನ್ನು ಅಮೆರಿಕಕ್ಕೆ ಸಾಗಿಸಲು ಇದ್ದ ಎರಡು ವ್ಯವಸ್ಥೆಗಳು, ಒಂದು 2015ರಲ್ಲಿ, ಇನ್ನೊಂದು 2020ರಲ್ಲಿ, ಅವರ ಮೊಕದ್ದಮೆಗಳಿಂದಾಗಿ ಬಿದ್ದುಹೋದವು. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ದಿನನಿತ್ಯದ ಕೆಲಸದೊಳಕ್ಕೂ ಬಂದಿದೆ. ನಿವೃತ್ತಿಯ ನಂತರ ಕೋರ್ಟಿನ ಮೆಟ್ಟಿಲು ಹತ್ತಿದ ನಮ್ಮ ನ್ಯಾಯಮೂರ್ತಿ, ಓದು ಮುಗಿಯುವ ಮೊದಲೇ ಹೋರಾಟಕ್ಕಿಳಿದ ಆ ವಿದ್ಯಾರ್ಥಿ, ಇಬ್ಬರನ್ನೂ ಒಟ್ಟಿಗೆ ಓದುವ ಕೆಲಸ ನಮ್ಮ ಮಕ್ಕಳಿಗೆ ಕಾದಿದೆ.

ಹಣ ಮತ್ತು ಮಾನ್ಯತೆ

ಹಣದ ಮಾತನ್ನು ಮುಚ್ಚಿಡಬಾರದು. ಯುರೋಪಿನವರಲ್ಲದ ವಿದ್ಯಾರ್ಥಿಗೆ ಲೈಡನ್ನಿನ ಎಲ್‌ಎಲ್‌ಎಂ ಶುಲ್ಕ ಸುಮಾರು 20 ಸಾವಿರ ಯೂರೋ. ಬಾಡಿಗೆ, ಊಟ, ವಿಮೆಗೆ ತಿಂಗಳಿಗೆ ಸಾವಿರ ಯೂರೋಗಿಂತ ಕಡಿಮೆಯಲ್ಲಿ ಸಾಗುವುದಿಲ್ಲ. ಎಲ್ಲ ಸೇರಿದರೆ ಸಾಧಾರಣ ಮನೆಯೊಂದು ಹೊಲ ಅಡವಿಡಬೇಕಾದಷ್ಟಾಗುತ್ತದೆ. ಸಾಲ ಮಾಡುವ ಮೊದಲು ವಿದ್ಯಾರ್ಥಿವೇತನದ ದಾರಿಗಳನ್ನೆಲ್ಲ ಹುಡುಕಿ. ವಿಶ್ವವಿದ್ಯಾಲಯದ್ದೇ ಎಕ್ಸಲೆನ್ಸ್ ಸ್ಕಾಲರ್‌ಶಿಪ್ ಇದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ, ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇವೆ. ಡಾ. ಅಂಬೇಡ್ಕರರು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋದರು. ಮುಂದೆ ಲಂಡನ್ನಿನಲ್ಲಿ ಓದು ಮುಂದುವರಿಸುವಾಗ ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಅವರಿಗೆ ಒದಗಿತು. ಆ ಹಣ ಇಡೀ ದೇಶಕ್ಕೆ ಹೇಗೆ ಮರಳಿತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಬಿಡಲಾಗದವರು ಹೇಗ್‌ನ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿಯ ಬೇಸಿಗೆ ತರಗತಿಗಳನ್ನು ನೋಡಿ. 1923ರಿಂದ ಅಲ್ಲಿ ಜಗತ್ತಿನ ದೊಡ್ಡ ವಿದ್ವಾಂಸರು ಪಾಠ ಹೇಳುತ್ತಿದ್ದಾರೆ, ಅದಕ್ಕೂ ವಿದ್ಯಾರ್ಥಿವೇತನಗಳಿವೆ.

ಮಾನ್ಯತೆಯ ವಿಷಯದಲ್ಲಿ ಎರಡು ಮಾತು. ಎಲ್‌ಎಲ್‌ಎಂ ಪದವಿ ಅಲ್ಲಿ ವಕೀಲಿಕೆ ಮಾಡುವ ಹಕ್ಕನ್ನು ಕೊಡುವುದಿಲ್ಲ, ಇಲ್ಲಿ ಸನ್ನದು ಸಿಗುವುದು ನಿಮ್ಮ ಎಲ್‌ಎಲ್‌ಬಿಯಿಂದಲೇ. ಬಂದು ಪಾಠ ಹೇಳಬೇಕೆಂದಿರುವವರು, ಒಂದು ವರ್ಷದ ವಿದೇಶಿ ಎಲ್‌ಎಲ್‌ಎಂಗೆ ಇಲ್ಲಿರುವ ಮಾನ್ಯತೆಯ ಬಗ್ಗೆ ಬಾರ್ ಕೌನ್ಸಿಲ್ ಮತ್ತು ಯುಜಿಸಿಯ ಆ ವರ್ಷದ ನಿಯಮಗಳನ್ನು ಅರ್ಜಿ ಹಾಕುವ ಮೊದಲೇ ಓದಿ. 2020ರ ಬಾರ್ ಕೌನ್ಸಿಲ್ ನಿಯಮಗಳು ಈ ವಿಷಯದಲ್ಲಿ ದೊಡ್ಡ ತಕರಾರನ್ನೇ ಎಬ್ಬಿಸಿದವು. ಇನ್ನೂ ಮುಂದೆ ಹೋಗಿ ಡಾಕ್ಟರೇಟ್ ಮಾಡುವ ಮನಸ್ಸಿದ್ದರೆ, ನೆದರ್‌ಲ್ಯಾಂಡ್ಸ್‌ನಲ್ಲಿ ಬಹಳಷ್ಟು ಸಂಶೋಧಕರು ಸಂಬಳ ಪಡೆಯುವ ನೌಕರರಾಗಿರುತ್ತಾರೆ ಎಂಬುದು ನಿಮಗೆ ಗೊತ್ತಿರಲಿ. ಅಲ್ಲಿ ಡಾಕ್ಟರೇಟ್ ಪರೀಕ್ಷೆ ಸಾರ್ವಜನಿಕವಾಗಿ ನಡೆಯುತ್ತದೆ. 45 ನಿಮಿಷ ಪ್ರಶ್ನೋತ್ತರವಾದ ಮೇಲೆ ದಂಡ ಹಿಡಿದ ಅಧಿಕಾರಿಯೊಬ್ಬರು ಒಳಬಂದು ಲ್ಯಾಟಿನ್‌ನಲ್ಲಿ 'ಹೊತ್ತಾಯಿತು' ಎಂದು ಸಾರುತ್ತಾರೆ, ಅರ್ಧಕ್ಕೆ ಬಂದ ವಾಕ್ಯವೂ ಅಲ್ಲಿಗೆ ನಿಲ್ಲುತ್ತದೆ. ಪರೀಕ್ಷೆಗೆ ಮೊದಲು ಕಾಯುವ ಪುಟ್ಟ ಕೋಣೆಯ ಹೆಸರೇ 'ಬೆವರಿನ ಕೋಣೆ'. ಪಾಸಾದವರು ಅದರ ಗೋಡೆಯ ಮೇಲೆ ಸಹಿ ಮಾಡುತ್ತಾರೆ. ಗೌರವ ಡಾಕ್ಟರೇಟ್ ಪಡೆದ ನೆಲ್ಸನ್ ಮಂಡೇಲಾ ಅವರ ಸಹಿಯೂ ಅಲ್ಲಿದೆ. ಆ ಗೋಡೆಯ ಮೇಲೆ ಕನ್ನಡ ಲಿಪಿಯ ಸಹಿಗೂ ಧಾರಾಳವಾಗಿ ಜಾಗವಿದೆ.

ದತ್ತಿಯ ಮುಂದೆ ಒಂದು ಕೋರಿಕೆ

ಮುಗಿಸುವ ಮೊದಲು ದತ್ತಿ ದಾನಿಗಳ ಮುಂದೆ, ಕಾಲೇಜಿನ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಮೊದಲನೆಯದಾಗಿ, ಈ ದತ್ತಿಯ ಬಡ್ಡಿಯಿಂದ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ಅರ್ಜಿ ಶುಲ್ಕ ಮತ್ತು ಇಂಗ್ಲಿಷ್ ಪರೀಕ್ಷೆಯ ಶುಲ್ಕವನ್ನು ಕೊಡಿ. ಬಡ ಮನೆಯ ಎಷ್ಟೋ ಪ್ರತಿಭೆಗಳು ಮುಗ್ಗರಿಸುವುದು ವಿಮಾನದ ಟಿಕೆಟ್ಟಿಗಿಂತ ಬಹಳ ಮೊದಲು, ಈ ಕೆಲವು ಸಾವಿರ ರೂಪಾಯಿಗಳಲ್ಲಿ. ಎರಡನೆಯದಾಗಿ, ಆ ವಿದ್ಯಾರ್ಥಿಯನ್ನು ಅಂಕಪಟ್ಟಿಯಿಂದಷ್ಟೇ ಆರಿಸಬೇಡಿ. ಅವರು ಬಿಡಿಸಬೇಕೆಂದಿರುವ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಎರಡು ಪುಟ ಬರೆಸಿ, ಈ ಸಭಾಂಗಣದಲ್ಲೇ ಹಿರಿಯ ವಕೀಲರ ಮುಂದೆ ಅದನ್ನು ಸಮರ್ಥಿಸಿಕೊಳ್ಳಲಿ. ಮೂರನೆಯದಾಗಿ, ಹೋಗಿ ಬಂದವರು ಇದೇ ವೇದಿಕೆಯಲ್ಲಿ ಕನ್ನಡದಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಬೇಕೆಂಬ ಒಂದೇ ಷರತ್ತು ಹಾಕಿ.

ಸುಪೊಮೊ ತಮ್ಮ ಊರಿನ ಹೊಲಗದ್ದೆಯ ಪ್ರಶ್ನೆ ಹಿಡಿದು ಲೈಡನ್ನಿಗೆ ಹೋದರು. ಕ್ಲೆವೆರಿಂಗಾ ತಮ್ಮ ಗುರುವಿಗಾಗಿ ಎದ್ದು ನಿಂತರು. ಕಾನೂನು ಓದಿದ್ದಕ್ಕೆ ಸಾರ್ಥಕ್ಯ ಬರುವುದು ಇಂಥ ಕಡೆಯೇ. ವಿದ್ಯಾರ್ಥಿಗಳೆ, ನಿಮ್ಮ ಮನೆಯ ಸುತ್ತಮುತ್ತ ಉತ್ತರ ಸಿಗದ ಪ್ರಶ್ನೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಇಂದೇ ಆರಿಸಿಕೊಳ್ಳಿ, ಅದರ ಬಗ್ಗೆ ಇಲ್ಲೇ ಓದಲು ಶುರುಮಾಡಿ. ಆಮೇಲೆ ಲೈಡನ್ನೋ, ಲೂವೆನ್ನೋ, ಜಿನೀವಾವೋ, ಎಲ್ಲಿಗೆ ಹೋದರೂ ನೀವು ಹೋದ ಕೆಲಸ ನಿಮಗೆ ಗೊತ್ತಿರುತ್ತದೆ.